ಸಂಪಿಗೆ ಮರಕ್ಕೆ ಓಬಕ್ಕನ ಜಾಮೀನು

ಮನುಷ್ಯರಿಗೆ ಜಾಮೀನು ನಿಲ್ಲುವವರು ಕೋರ್ಟಿನ ಮುಂದೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಒಂದು ಚಹಾ ಕುಡಿಸಿದರೆ ಗುರುತಿಲ್ಲದವನಿಗೂ ನಿಂತುಬಿಡುತ್ತಾರೆ. ಆದರೆ ಮರಗಳಿಗೆ ಜಾಮೀನು ನಿಲ್ಲುವವಳು ಇಡೀ ದಾವಣಗೆರೆಗೆ ಒಬ್ಬಳೇ ಇದ್ದಳು, ಹದಡಿಯ ಓಬಕ್ಕ. ತಮಾಷೆ ಅಂದುಕೊಳ್ಳಬೇಡಿ. ಅವಳು ಜಾಮೀನು ನಿಂತ ನುಗ್ಗೆಮರದ ಸಾರು ಉಂಡವರು, ಅವಳು ಜಾಮೀನು ನಿಂತ ಹುಣಸೆಮರದ ಹಣ್ಣು ಕುಟ್ಟಿದವರು ವಿನೋಬನಗರದ ಓಣಿಯಲ್ಲಿ ಮನೆಗೊಬ್ಬರಂತೆ ಇದ್ದರು.

ಅವಳ ತವರಿನ ಕಡೆ ಒಂದು ಪದ್ಧತಿ. ವಯಸ್ಸಿಗೆ ಬಂದ ಮರ ಹೂವು ಕಾಯಿ ಬಿಡದೆ ಮೊಂಡು ಹಿಡಿದು ನಿಂತರೆ, ಯುಗಾದಿ ಹಿಂದಿನ ಅಮಾವಾಸ್ಯೆ ದಿನ ಮನೆಯ ಯಜಮಾನ ಕೊಡಲಿ ಹಿಡಿದು ಅದರ ಮುಂದೆ ನಿಲ್ಲಬೇಕು. ನಿಂತು ಗದರಿಸಬೇಕು. “ಏನಲೇ, ನೀರು ಕುಡಿದಿ, ಗೊಬ್ಬರ ತಿಂದಿ, ನೆಲ ಹಿಡ್ಕಂಡಿ. ಹೂವಿಲ್ಲ, ಕಾಯಿಲ್ಲ. ಇವತ್ತು ನಿನ್ನ ಕಡಿದು ಒಲಿಗೆ ಹಾಕ್ತೀನಿ!” ಅಂತ ಹೇಳಿ ಕೊಡಲಿ ಎತ್ತಬೇಕು. ಆಗ ಇನ್ನೊಬ್ಬರು ಓಡಿ ಬಂದು ಮರವನ್ನು ತಬ್ಬಿಕೊಂಡು, “ಕಡೀಬ್ಯಾಡ್ರಿ, ಬರೋ ವರ್ಷ ಬಿಡ್ತೈತೆ” ಅನ್ನಬೇಕು. “ಯಾರು ಜಾಮೀನು?” ಅಂತ ಯಜಮಾನ ಕೇಳಬೇಕು. “ನಾನು ಜಾಮೀನು” ಅನ್ನಬೇಕು. ಕೊಡಲಿ ಕೆಳಗಿಳಿಯುತ್ತದೆ, ಬೊಡ್ಡೆಗೆ ಅರಿಶಿನ ಕುಂಕುಮ ಬೀಳುತ್ತದೆ, ಎಲ್ಲರೂ ಒಂದೊಂದು ಬೊಗಸೆ ಮಂಡಕ್ಕಿ ತಿಂದು ಮನೆಗೆ ಹೋಗುತ್ತಾರೆ. ಹೆದರಿದ ಮರ ಮುಂದಿನ ವರ್ಷ ಮೈತುಂಬ ಬಿಡುತ್ತದೆ ಅನ್ನೋದು ನಂಬಿಕೆ.

ಓಬಕ್ಕ ಇನ್ನೂ ಲಂಗ ಉಡುತ್ತಿದ್ದಾಗ, ಮನೆಯ ಹುಣಸೆಮರಕ್ಕೆ ಜಾಮೀನು ನಿಲ್ಲಬೇಕಿದ್ದ ಅವಳ ಸೋದರತ್ತೆ ಯಲ್ಲಕ್ಕ ಜ್ವರ ಬಂದು ಮಲಗಿದಳು. ಹುಡುಗಿಯನ್ನು ಕಳಿಸಿದರು. ಎರಡು ಮಾತು ಹೇಳಿ ಬಾರೇ ಅಂದರೆ ಇವಳು ಕೊಡಲಿ ಹಿಡಿದ ದೊಡ್ಡಪ್ಪನ ಮೇಲೇ ತಿರುಗಿಬಿದ್ದಳು. “ಬುಡಕ್ಕೆ ಎಮ್ಮಿ ಕಟ್ಟಿದೋರು ಯಾರು? ಬೇರೆಲ್ಲ ತುಳಿಸಿದೋರು ಯಾರು? ಎಳೆ ಚಿಗುರೆಲ್ಲ ಚಟ್ನಿ ಮಾಡ್ಕಂಡು ತಿಂದು ಈಗ ಹಣ್ಣು ಕೊಡು ಅಂದ್ರೆ ಎಲ್ಲಿಂದ ಕೊಟ್ಟೀತು?” ದೊಡ್ಡಪ್ಪ ಕೊಡಲಿ ಎತ್ತಿದವನು ಎತ್ತಿದಂತೆಯೇ ನಿಂತ. ಎಮ್ಮೆ ಬೇರೆ ಕಡೆಗೆ ಹೋಯಿತು. ಮುಂದಿನ ವರ್ಷ ಆ ಹುಣಸೆ ಕೊಂಬೆ ಬಾಗುವಷ್ಟು ಕಾಯಿ ಹೊತ್ತಿತು. ಅಲ್ಲಿಂದ ಓಬಿ ಅನ್ನೋ ಹುಡುಗಿ ಓಬಕ್ಕ ಆದಳು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತಾರಲ್ಲ, ಇವಳ ಬಾಯಿಂದ ಮರಗಳೂ ಬದುಕಿದವು.

ಭಾನುವಳ್ಳಿಯ ಸಣ್ಣತಿಮ್ಮಪ್ಪನಿಗೆ ಅವಳನ್ನು ಕೊಟ್ಟರು. ಇದ್ದ ಹೊಲ ಅಣ್ಣತಮ್ಮಂದಿರಿಗೇ ಸಾಲದು, ಕಾಲುವೆ ನೀರು ಆಗಿನ್ನೂ ಆ ಕಡೆ ತಲೆ ಹಾಕಿರಲಿಲ್ಲ. ಗಂಡ ಹೆಂಡತಿ ದಾವಣಗೆರೆಗೆ ಬಂದರು. ಅವನು ಬಟ್ಟೆ ಮಿಲ್ಲಿಗೆ ಸೇರಿದ, ಅವಳು ಹತ್ತಿ ಆರಿಸುವ ಕೆಲಸಕ್ಕೆ ಹೋದಳು. ಸಂಜೆ ಮನೆಗೆ ಬಂದಾಗ ತಲೆಗೂದಲಲ್ಲೆಲ್ಲ ಹತ್ತಿ. ಸಣ್ಣತಿಮ್ಮಪ್ಪ, “ಹತ್ತೇ ವರ್ಷಕ್ಕೆ ಮುದುಕಿ ಆದೆಲ್ಲೇ” ಅಂತ ರೇಗಿಸುತ್ತಿದ್ದ. ಅವಳು, “ಮುದುಕನ ಹೆಂಡ್ತಿ ಮತ್ತೇನಾಗ್ತಾಳೆ” ಅನ್ನುತ್ತಿದ್ದಳು. ಸಿಟ್ಟು ಮೂಗಿನ ತುದಿಯಲ್ಲಿ, ನಗು ನಾಲಿಗೆ ತುದಿಯಲ್ಲಿ, ಅಂಥ ಹೆಂಗಸು. ಪೇಟೆಗೆ ಬಂದರೂ ಅವಳ ಕಸುಬು ಬಿಡಲಿಲ್ಲ. ವರ್ಷಕ್ಕೊಮ್ಮೆ ಆ ಅಮಾವಾಸ್ಯೆ ಬಂತೆಂದರೆ ಒಂದು ಮನೆಯ ಮಾವು, ಇನ್ನೊಂದು ಮನೆಯ ನುಗ್ಗೆ, ಮತ್ತೊಂದು ಮನೆಯ ತೆಂಗು ಅಂತ ಓಡಾಟವೇ ಓಡಾಟ. ಮರದ ಪರವಾಗಿ ಮೊದಲು ಯಜಮಾನನಿಗೇ ಛೀಮಾರಿ ಹಾಕುತ್ತಿದ್ದಳು. ಆ ದಿನ ಅವಳು ರಾಣಿ. ಉಳಿದ ದಿನ ಹತ್ತಿ ಆರಿಸುವವಳು.

ಈ ರಾಣಿಗೆ ಹರಿಹರದಿಂದ ಕರೆ ಬಂತು.

ಕರೆದವಳು ಉಡಚಮ್ಮ. ಭಾನುವಳ್ಳಿಯ ಮಗಳು, ಹರಿಹರದ ಸೊಸೆ, ಗಂಡ ತೀರಿಕೊಂಡಿದ್ದ. ಮಗ ಕರಿಬಸವರಾಜನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಮನೆಯ ಮುಂದೆ, ರಸ್ತೆಗೆ ಮುಖ ಮಾಡಿದ ಮೂಲೆಯಲ್ಲಿ ಉಡಚಮ್ಮ ಒಂದು ಸಂಪಿಗೆ ಎಬ್ಬಿಸಿದ್ದಳು. ಶಿವಮೊಗ್ಗದ ಕಡೆಗೆ ಹೋಗಿದ್ದ ಅವಳ ತಮ್ಮ ಸಂಪಿಗೆಯ ಕೆಂಪು ಬೀಜ ಎಲೆಯಲ್ಲಿ ಸುತ್ತಿ ತಂದಿದ್ದ. ಸಂಪಿಗೆ ಬೀಜ ಒಣಗಿಸಿಟ್ಟರೆ ಸತ್ತೇ ಹೋಗುತ್ತದೆ. ಕೆಂಪು ತಿರುಳು ಉಜ್ಜಿ ತೊಳೆದು ಅವತ್ತೇ ಮಣ್ಣಿಗೆ ಹಾಕಿದಳು. ಒಂದೇ ಒಂದು ಹುಟ್ಟಿತು. ಅದು ಈಗ ಮಾಡಿನ ಮೇಲೆ ತಲೆ ಎತ್ತಿ ನಿಂತಿತ್ತು. ಬೂದುಬಣ್ಣದ ನೆಟ್ಟನೆ ಬೊಡ್ಡೆ, ಅಂಚು ಸ್ವಲ್ಪ ನಿರಿಗೆ ಹಿಡಿದ ಉದ್ದನೆ ಎಲೆ, ಎಣ್ಣೆ ಹಚ್ಚಿದಂಥ ಹೊಳಪು. ಬೇಸಿಗೆಯಲ್ಲಿ ಹರಿಹರದ ಮರಗಳೆಲ್ಲ ಬೋಳಾಗಿ ನಿಂತರೂ ಇದು ಮಾತ್ರ ಹಸಿರೋ ಹಸಿರು. ಒಂದು ಎಲೆ ಉದುರುವಷ್ಟರಲ್ಲಿ ಎರಡು ಎಲೆ ಬಿಡುತ್ತಿತ್ತು. ಎಲ್ಲ ಇತ್ತು. ಹೂವಿಲ್ಲ.

ಕರಿಬಸವರಾಜನಿಗೆ ಆ ಮೂಲೆ ಬೇಕಿತ್ತು. ಮಶೀನು ಕಾರ್ಖಾನೆ ಬಂದ ಮೇಲೆ ಹರಿಹರಕ್ಕೆ ಜನ ಬರುತ್ತಲೇ ಇದ್ದರು. ಜನ ಬಂದ ಮೇಲೆ ಹಿಟ್ಟು ಬೇಕು. ಹಿಟ್ಟಿನ ಗಿರಣಿ ಹಾಕಿದರೆ ಬಂಗಾರ. ಗಿರಣಿಗೆ ರಸ್ತೆಯ ಮುಖ ಬೇಕು. ಅಲ್ಲಿ ಈ ಸಂಪಿಗೆ ನಿಂತಿದೆ. ಕಡಿಯುತ್ತೇನೆ ಅಂದರೆ ತಾಯಿ ಊಟ ಬಿಡುತ್ತಾಳೆ. ಕೊನೆಗೆ ಉಡಚಮ್ಮನೇ, “ಓಬಕ್ಕನ್ನ ಕರೆಸು, ಜಾಮೀನು ಕೊಡ್ಸೋಣ” ಅಂದಳು. ಅವನೂ ಆಗಲಿ ಅಂದ. ಯಾಕೆ ಆಗಲಿ ಅಂದ ಅನ್ನೋದು ಅಮಾವಾಸ್ಯೆ ದಿನ ಎಲ್ಲರಿಗೂ ಗೊತ್ತಾಯಿತು.

ಓಣಿಯ ಜನವೆಲ್ಲ ಕೂಡಿದ್ದರು. ಕರಿಬಸವರಾಜ ಪಂಚೆ ಎತ್ತಿ ಕಟ್ಟಿ ಕೊಡಲಿ ಹಿಡಿದು ಗುಡುಗಿದ. “ಆರು ವರ್ಷ ಆತು! ಹೊಟ್ಟಿಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂತಾರೆ. ಇಲ್ಲಿ ಜುಟ್ಟಿಗೂ ಇಲ್ಲಲ್ಲಪ್ಪಾ! ಕಡದೇಬಿಡ್ತೀನಿ!” ಜನ ಹೋ ಅಂತ ನಕ್ಕರು. ಓಬಕ್ಕ ರೈಲಿನಿಂದ ಇಳಿದು ಬಂದ ದಣಿವನ್ನೂ ಮರೆತು ಓಡಿಹೋಗಿ ಬೊಡ್ಡೆ ತಬ್ಬಿದಳು.

“ತಡೀರಿ ಸಾವ್ಕಾರ್ರೆ! ಕಡೀಬ್ಯಾಡ್ರಿ, ಬಿಡ್ತೈತೆ!”

“ಯಾರು ಜಾಮೀನು?”

“ನಾನು ಜಾಮೀನು. ಹದಡಿ ಓಬಕ್ಕ!”

ಇಲ್ಲಿಗೆ ಮುಗಿಯಬೇಕಿತ್ತು. ಮಂಡಕ್ಕಿಯ ಪುಟ್ಟಿ ಹೊರಗೆ ಬಂದಿತ್ತು ಕೂಡ. ಆದರೆ ಕರಿಬಸವರಾಜ ಕೊಡಲಿ ಇಳಿಸಲಿಲ್ಲ.

“ಎಂದಿಗೆ ಬಿಡ್ತೈತೆ?”

ಹಿಂದೆ ಯಾರೂ ಹೀಗೆ ಕೇಳಿದವರಿಲ್ಲ. “ಬರೋ ವರ್ಷ” ಅಂದಳು.

“ಬರೋ ವರ್ಷ ಆಗಲ್ಲ. ದೀಪಾವಳಿಗೆ ಗಿರಣಿ ಮಶೀನು ಬರ್ತೈತೆ. ಧೈರ್ಯ ಇದ್ರೆ ಅದ್ರೊಳಗೆ ಹೇಳು. ಇಲ್ಲಂದ್ರೆ ಸರಿ ನಿಂತ್ಕ.”

ಓಬಕ್ಕನ ಸಿಟ್ಟು ನೆತ್ತಿಗೇರಿತು. ಅವಳ ಜಾಮೀನನ್ನು ಯಾರೂ ಇಷ್ಟು ಹಗುರ ಮಾಡಿರಲಿಲ್ಲ. “ಬನ್ನಿ ಹಬ್ಬದೊಳಗೆ ಬಿಡ್ತೈತೆ, ಹೋಗ್ರಿ!” ಅಂದುಬಿಟ್ಟಳು.

“ಬಿಡಲಿಲ್ಲಂದ್ರೆ?”

“ಬಿಡಲಿಲ್ಲಂದ್ರೆ ಕಡೀರಿ. ಕಡಿದ ಸೌದಿ ನಾನೇ ತಲಿ ಮ್ಯಾಲೆ ಹೊತ್ಕಂಡು ಹರಿಹರದ ಪ್ಯಾಟಿ ತುಂಬ ತಿರುಗ್ತೀನಿ. ಅವತ್ತಿಂದ ಯಾವ ಮರಕ್ಕೂ ಜಾಮೀನು ಅನ್ನೋ ಮಾತು ಈ ಬಾಯಾಗ ಬರಲ್ಲ. ಸಾಕಾ?”

“ಸಾಕು. ಮಾತು ಅಂದ್ರೆ ಮಾತು,” ಅಂದ ಕರಿಬಸವರಾಜ. ಕೊಡಲಿ ಇಳಿಸಿದ. ಆಮೇಲೆ ಎಲ್ಲರೂ ಮಂಡಕ್ಕಿ ತಿಂದರು.

ಸಾಯಂಕಾಲ ಅವಳು ವಿನೋಬನಗರಕ್ಕೆ ಬಂದದ್ದು ಗೆದ್ದವರ ಹಾಗೆ. ಪಕ್ಕದ ಮನೆಯ ದಿಲ್ಷಾದ್ ಬೇಗಂ ಮಾರ್ಕೆಟಿಗೆ ಹೂ ಕಟ್ಟುತ್ತ ಕೂತಿದ್ದಳು. ಕಂಡ ಕೂಡಲೇ ಓಬಕ್ಕ ಕಥೆಯನ್ನೆಲ್ಲ ಕೈ ಬೀಸಿ ಬೀಸಿ ಹೇಳಿದಳು. ದಿಲ್ಷಾದಳ ಬೆರಳು ಹೂವಿನ ಮೇಲೇ ನಿಂತವು.

“ಸಂಪಿಗೆನಾ? ಬೀಜ ಹಾಕಿ ಬೆಳೆಸಿದ್ದಾ?”

“ಹೂಂ ಮತ್ತೆ.”

“ಆರು ವರ್ಷದ್ದಾ? ಯಾ ಅಲ್ಲಾ! ಓಬಕ್ಕಾ, ಬೀಜದ ಸಂಪಿಗೆ ಎಂಟು ವರ್ಷ ಆಗದೆ ಮೊಗ್ಗು ತೋರ್ಸಲ್ಲ. ಕೆಲವು ಹತ್ತು ವರ್ಷಕ್ಕೂ ಇಲ್ಲ. ಅದು ನುಗ್ಗೆ ಅಂದ್ಕಂಡ್ಯಾ?”

ಓಬಕ್ಕನಿಗೆ ಹುಣಸೆ ಗೊತ್ತಿತ್ತು, ಮಾವು ಗೊತ್ತಿತ್ತು. ಸಂಪಿಗೆಯನ್ನು ಮುಡಿದಿದ್ದಳೇ ಹೊರತು ಬೆಳೆಸಿರಲಿಲ್ಲ. ಬಂದಷ್ಟೇ ಜೋರಾಗಿ ಹೋಗಿ ಒಲೆ ಮುಂದೆ ಕೂತುಬಿಟ್ಟಳು. ಸಣ್ಣತಿಮ್ಮಪ್ಪ ವಿಷಯ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. “ಅದಕ್ಯಾಕ ಇಷ್ಟು ಚಿಂತಿ? ಬನ್ನಿ ಹಬ್ಬದ ದಿನ ಮಾರ್ಕೆಟಿಂದ ಎರಡು ಹೂವು ತಂದು ಕೊಂಬಿಗೆ ಕಟ್ಟಿದ್ರಾತು.”

“ನಿನ್ನ ಬಾಯಿಗಿಷ್ಟು ಬೂದಿ ಹಾಕ! ಜಾಮೀನು ನಿಂತೋಳು ಸುಳ್ಳು ಸಾಕ್ಷಿ ಹೇಳ್ತಾಳೇನು?” ಅವಳ ಕೈಯ ಸೌಟು ಹಾರಿಬಂತು. ಅವನು ಕಾಲಿಗೆ ಬುದ್ಧಿ ಹೇಳಿದ.

ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಓಬಕ್ಕ ಸೊಂಟಕ್ಕೆ ಸೆರಗು ಬಿಗಿದಿದ್ದಳು. ವಯಸ್ಸಾಗದಿದ್ದರೆ ಏನಾಯಿತು? ಕೆಲವು ಹುಡುಗಿಯರು ಬೇಗ ದೊಡ್ಡವರಾಗುವುದಿಲ್ಲವೇ? ರಜೆಯ ದಿನ ಬಂತೆಂದರೆ ಹರಿಹರದ ರೈಲು ಹತ್ತುತ್ತಿದ್ದಳು. ಮೊದಲ ವಾರವೇ ಕಂಡದ್ದೇನು? ಉಡಚಮ್ಮ ಪ್ರೀತಿಯ ಭರದಲ್ಲಿ ಬಚ್ಚಲ ನೀರನ್ನೆಲ್ಲ ಸಂಪಿಗೆಯ ಬುಡಕ್ಕೇ ಬಿಟ್ಟಿದ್ದಳು. ಬುಟ್ಟಿಗಟ್ಟಲೆ ಸಗಣಿ ಬೇರೆ. ಕರಿಮಣ್ಣು, ನೀರು ಇಳಿಯದೆ ಪಚಪಚ ಅನ್ನುತ್ತಿತ್ತು.

“ಅವ್ವಾ! ಇದೇನು ಎಮ್ಮಿ ಸಾಕೀರೇನು? ಕಾಲು ಯಾವಾಗ್ಲೂ ನೀರಾಗಿದ್ರೆ ಯಾರಿಗೆ ಹೂ ಮುಡಿಯೋ ಮನಸ್ಸು ಬರ್ತೈತೆ?”

“ಬೇಸಿಗಿಗೆ ಒಣಗ್ತೈತೆ ಅಂತ ಹಾಕ್ದೆ ತಂಗಿ,” ಅಂತ ಉಡಚಮ್ಮ ತಪ್ಪು ಮಾಡಿದವಳಂತೆ ನಿಂತಳು. ಇಬ್ಬರೂ ಸನಿಕೆ ಹಿಡಿದು ಬಚ್ಚಲ ನೀರಿಗೆ ಬೇರೆ ದಾರಿ ಮಾಡಿದರು. ಬುಡದ ಮಣ್ಣಿಗೆ ಹೊಳೆಯ ಮರಳು ಬೆರೆಸಿದರು. ರಸ್ತೆ ಕಡೆಯ ಹಳೇ ಚಪ್ಪರ ಬಿಚ್ಚಿ ಬಿಸಿಲು ಬಿಟ್ಟರು. ಕೆಲಸ ಮಾಡುತ್ತ ಓಬಕ್ಕ ಮರದ ಜೊತೆ ಮಾತಾಡುತ್ತಿದ್ದಳು. “ನೋಡು, ನನ್ನ ಮರ್ಯಾದಿ ನಿನ್ನ ಕೈಯಾಗ ಐತೆ. ಹತ್ತು ಬ್ಯಾಡ, ಐದು ಬ್ಯಾಡ. ಒಂದೇ ಒಂದು ಬಿಡು ಸಾಕು.” ಉಡಚಮ್ಮನಿಗೆ ಇದೆಲ್ಲ ಹೊಸ ಹಬ್ಬ. ದಿನಾ ಬೆಳಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಮರದ ಕೆಳಗೆ ನಿಂತು ಮೂಗು ಮೇಲೆ ಮಾಡಿ ಗಾಳಿ ಎಳೆಯುತ್ತಿದ್ದಳು. ಸಂಪಿಗೆ ಎಲೆಯ ಮರೆಯಲ್ಲಿ ಅಡಗಿರುತ್ತದಲ್ಲ, ಕಣ್ಣಿಗಿಂತ ಮೊದಲು ಮೂಗಿಗೇ ಸಿಗುವುದು.

ಸುದ್ದಿ ದಾವಣಗೆರೆಗೂ ಹಬ್ಬಿತು. ಮಿಲ್ಲಿನ ಗೇಟಿನಲ್ಲಿ ಸಣ್ಣತಿಮ್ಮಪ್ಪನನ್ನು ಜನ ತಡೆದು, “ಏನಪ್ಪಾ, ಬಿಡ್ತಾ?” ಅಂತ ಕೇಳುತ್ತಿದ್ದರು. ಹತ್ತಿ ಆರಿಸುವ ಹೆಂಗಸರು ಅವಳು ರಜೆ ಮುಗಿಸಿ ಬಂದ ಕೂಡಲೇ ಸುತ್ತ ಕೂತು ಮರದ ಯೋಗಕ್ಷೇಮ ಕೇಳುತ್ತಿದ್ದರು. ಹರಿಹರದಲ್ಲಿ ಕರಿಬಸವರಾಜ ಅಂಗಡಿಗೆ ಹೊರಟವನು ಓಬಕ್ಕನನ್ನು ಕಂಡರೆ ನಿಂತು, “ಏನಂತಾನೆ ನಿನ್ನ ಕಕ್ಷಿದಾರ?” ಅಂತ ಹಲ್ಲು ಕಿರಿಯುತ್ತಿದ್ದ. “ವಿಚಾರಣಿ ನಡದೈತೆ ಸಾವ್ಕಾರ್ರೆ,” ಅನ್ನುತ್ತಿದ್ದಳು ಇವಳು. ಒಂದು ದಿನ ಅವನು ಅಂಗಡಿಯ ಏಣಿಯನ್ನು ತಂದು ಮರಕ್ಕೆ ಒರಗಿಸಿದ. “ನಮ್ಮವ್ವ ಕುರ್ಚಿ ಮ್ಯಾಲೆ ನಿಂತು ನೋಡ್ತಾಳೆ. ಬಿದ್ದು ಸೊಂಟ ಮುರ್ಕಂಡ್ರೆ ಯಾರು ನೋಡ್ಬೇಕು?” ಅಂತ ಗೊಣಗಿ ಹೋದ.

ಮಳೆಗಾಲ ಹಿಡಿದ ಮೇಲೆ ಒಂದು ರಜೆಯ ದಿನ ಓಬಕ್ಕ ಏಣಿ ಹತ್ತಿದವಳು ಅಲ್ಲಿಂದಲೇ ಕಿರುಚಿದಳು. “ಅವ್ವಾ! ಬರ್ರಿ! ಮೊಗ್ಗು! ಮೊಗ್ಗು!” ಕೊಂಬೆಯ ತುದಿಯಲ್ಲಿ ನುಣ್ಣನೆ ರೋಮದ ಪೊರೆ ಹೊದ್ದ, ಕಿರುಬೆರಳಿನಂಥ ಮೊಗ್ಗು. ಉಡಚಮ್ಮ ಬರಿಗಾಲಲ್ಲಿ ಓಡಿ ಬಂದಳು. ಓಣಿಗೆಲ್ಲ ಬೆಲ್ಲ ಹಂಚಿದರು. ಇಬ್ಬರೂ ಕೈ ಕೈ ಹಿಡಿದು ಮರ ಸುತ್ತಿದರು, ಉಡಚಮ್ಮನಿಗೆ ಮಂಡಿನೋವು ಇದ್ದದ್ದೇ ಮರೆತುಹೋಯಿತು. ದಾವಣಗೆರೆಯಲ್ಲಿ ಆ ವಾರವಿಡೀ ಓಬಕ್ಕನ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ವಾರ ಹೋಗಿ ನೋಡಿದರೆ ಪೊರೆ ಬಿಚ್ಚಿತ್ತು. ಒಳಗಿಂದ ಬಂದದ್ದು ಹೂವಲ್ಲ, ಎಲೆ.

ಹೌದು, ಸಂಪಿಗೆಯ ಎಲೆಯೂ ಹಾಗೆ ಪೊರೆ ಹೊದ್ದೇ ಬರುತ್ತದೆ. ಮೊಗ್ಗು ಅಂತಲೇ ಮೋಸ ಹೋಗಬೇಕು. ಊರಿಗೆ ಹೋಗಿ ದಿಲ್ಷಾದಳನ್ನು ಕೇಳಿದರೆ ಅವಳು, “ತುದಿಯಲ್ಲಿ ಬಂದ್ರೆ ಎಲೆ ಅಕ್ಕಾ. ಹೂವಿನ ಮೊಗ್ಗು ಎಲೆ ಕಂಕುಳಾಗೆ ಬರ್ತದೆ” ಅಂದಳು. ಅದೂ ಬೆಲ್ಲ ಹಂಚಿ ಮುಗಿದ ಮೇಲೆ ಗೊತ್ತಾದದ್ದು. ಪೊರೆ ಬಿಚ್ಚಿದ ಆ ದಿನ ಹರಿಹರದಲ್ಲಿ ಕರಿಬಸವರಾಜ ಎಲೆಯನ್ನು ಕಂಡು ಬಿದ್ದು ಬಿದ್ದು ನಗಲು ಶುರು ಮಾಡಿದ್ದ. ತಾಯಿ ಹೋಗಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತದ್ದು ಕಾಣಿಸಿತು. ಅವನ ನಗು ಅರ್ಧಕ್ಕೇ ನಿಂತಿತು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಬನ್ನಿ ಹಬ್ಬ ಹತ್ತಿರ ಬಂದಂತೆ ಓಬಕ್ಕನಿಗೆ ಊಟ ಸೇರದಾಯಿತು. ಪ್ರತಿ ಎಲೆಯ ಕಂಕುಳನ್ನೂ ಬೆರಳಿಂದ ಸವರಿ ನೋಡಿದ್ದಳು. ಏನೂ ಇಲ್ಲ. ಸೌದೆ ಹೊರುವುದು ದೊಡ್ಡದಲ್ಲ, ಅವಳ ತಲೆ ಎಷ್ಟೋ ಹೊರೆ ಹೊತ್ತಿದೆ. ಆದರೆ ಅಮಾವಾಸ್ಯೆ ಬಂದಾಗ ಯಾರೂ ಬಾಗಿಲು ಬಡಿಯದೆ ಹೋದರೆ? ತಾನು ಬರೀ ಹತ್ತಿ ಆರಿಸುವವಳಾಗಿಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ತಬ್ಬಿಕೊಂಡು ಮಾತು ಕೊಟ್ಟ ಮರವನ್ನು ತನ್ನ ಕಣ್ಣ ಮುಂದೆಯೇ ಕಡಿಯುವುದನ್ನು ಹೇಗೆ ನೋಡುವುದು? ಹಬ್ಬದ ಹಿಂದಿನ ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೆಲಸದಲ್ಲಿ ಕಸವನ್ನು ಹತ್ತಿಗೆ ಹಾಕಿ ಹತ್ತಿಯನ್ನು ಕಸಕ್ಕೆ ಹಾಕಿ ಬೈಸಿಕೊಂಡಳು.

ಹಬ್ಬದ ಬೆಳಗ್ಗೆ ಗಂಡನನ್ನೂ ಕರೆದುಕೊಂಡು ಹರಿಹರಕ್ಕೆ ಬಂದಳು. ಜನವೋ ಜನ. ಗೋಡೆ ಮೇಲೆ ಕೂತವರು, ಗಾಡಿ ಮೇಲೆ ನಿಂತವರು. ಕರಿಬಸವರಾಜ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊಡಲಿ ಹಿಡಿದು ನಿಂತಿದ್ದ. ಕೊಡಲಿಯ ಬಾಯಿ ಸಾಣೆ ಹಿಡಿದು ಮಿಂಚುತ್ತಿತ್ತು. ಓಬಕ್ಕ ಮರದ ಹತ್ತಿರ ಹೋಗಿ ಬೊಡ್ಡೆಯ ಮೇಲೆ ಅಂಗೈ ಇಟ್ಟಳು.

ಆಗ ಉಡಚಮ್ಮ ಮೂಗು ಮೇಲೆ ಮಾಡಿದಳು. ಇನ್ನೊಮ್ಮೆ ಗಾಳಿ ಎಳೆದಳು. “ವಾಸನಿ! ವಾಸನಿ ಬರ್ತೈತೆ! ಅಗೋ ನೋಡ್ರಿ, ಅಲ್ಲಿ!”

ಮಾಡಿನ ಪಕ್ಕದ ಕೊಂಬೆಯಲ್ಲಿ ಹಳದಿ! ಜನ ಕೇಕೆ ಹಾಕಿದರು. ಯಾರೋ ಸಿಳ್ಳು ಹೊಡೆದರು. ಉಡಚಮ್ಮ ಓಬಕ್ಕನ ಎರಡೂ ಕೈ ಹಿಡಿದು ಕುಲುಕಿ ಕುಲುಕಿ ಅಳುತ್ತಿದ್ದಳು, ನಗುತ್ತಿದ್ದಳು. ಸಣ್ಣತಿಮ್ಮಪ್ಪ ರುಮಾಲು ಬಿಚ್ಚಿ ಗಾಳಿಯಲ್ಲಿ ತಿರುಗಿಸಿದ. ಕರಿಬಸವರಾಜ ಕೊಡಲಿಯನ್ನು ತಟಕ್ಕನೆ ನೆಲಕ್ಕೆ ಬಿಟ್ಟ. “ಸರಿ, ಸೋತೆ! ಮಾತು ಅಂದ್ರೆ ಮಾತು. ನಡೀರಿ ಎಲ್ಲಾ, ಒಳಗೆ ಬಂದು ಕೂಡ್ರಿ, ಪಾಯಸ ಐತೆ!” ಸೋತವನು ಇಷ್ಟು ಅವಸರದಲ್ಲಿ ಸೋತದ್ದನ್ನು ಯಾರೂ ಕಂಡಿರಲಿಲ್ಲ.

ಓಬಕ್ಕ ಹತ್ತಿರದಿಂದ ನೋಡದೆ ಇರುವುದುಂಟೇ? ಏಣಿ ಹತ್ತಿದಳು. “ಬ್ಯಾಡ ಬ್ಯಾಡ, ಇಳಿ, ಜಾರ್ತೈತೆ!” ಅಂತ ಕೆಳಗಿಂದ ಕರಿಬಸವರಾಜ ಕೂಗಿದ. ಅವಳು ಎಲೆ ಸರಿಸಿದಳು. ಹೂವು ಕೊಂಬೆಯ ತುದಿಯಲ್ಲಿತ್ತು. ಎಲೆ ಬರುವ ಕಡೆ. ಎಲೆಗಳ ಕಂಕುಳೆಲ್ಲ ಖಾಲಿ. ಹೂವಿನ ತೊಟ್ಟಿಗೆ ಸಣ್ಣ ದಾರ ಸುತ್ತಿತ್ತು. ಕೈ ತಾಗಿದ ಎಸಳಿನ ಅಂಚು ಆಗಲೇ ಕಂದಿತ್ತು.

ಕೆಳಗೆ ನೋಡಿದಳು. ಮೊದಲು ಕಣ್ಣು ಹೋದದ್ದು ಗಂಡನ ಮೇಲೆ. ನೀನೇನಾ ಅಂತ ಕಣ್ಣಲ್ಲೇ ಕೇಳಿದಳು. ಅವನು ಗಾಬರಿಯಾಗಿ ಗಂಟಲು ಮುಟ್ಟಿಕೊಂಡು ಆಣೆ ಮಾಡಿದ. ಉಡಚಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಮುಖವರಳಿಸಿ ನಿಂತಿದ್ದಳು. ಸುಮ್ಮನೆ ಇಳಿದುಬಿಟ್ಟರೆ ಮರ ಉಳಿಯುತ್ತದೆ. ಹೆಸರು ಉಳಿಯುತ್ತದೆ. ಈ ಮುದುಕಿಯ ಸಂತೋಷ ಉಳಿಯುತ್ತದೆ. ಯಾರು ಬಂದು ನೋಡುತ್ತಾರೆ? ದೇವರೇ, ಈ ಬಾಯಿ ಇವತ್ತೊಂದು ದಿನ ಮುಚ್ಚಿಕೊಂಡಿರಬಾರದೇ ಅನ್ನಿಸಿತು. ಆದರೆ ಅದು ಓಬಕ್ಕನ ಬಾಯಿ.

“ಇದು ಮರ ಬಿಟ್ಟ ಹೂವಲ್ಲ,” ಅಂದಳು. “ಕಟ್ಟಿದ್ದು. ದಾರ ಐತೆ ನೋಡ್ರಿ. ಜಾಮೀನು ಕೊಟ್ಟಿದ್ದು ನಾನು, ನಾನೇ ಹೇಳ್ತೀನಿ. ಮರ ಬಿಟ್ಟಿಲ್ಲ. ನಾನು ಸೋತೆ.”

ಜನರ ನಡುವಿನಿಂದ ಒಂದು ಗಂಟಲು ಕಿರುಚಿತು.

“ಅಯ್ಯೋ ನಿನ್ನ! ನಿನಗೇನು ಬಂದಿತ್ತು ತಾಯೀ ರೋಗ! ಬಾಯಿ ಮುಚ್ಕಂಡು ಇಳಿಯಾಕ ಆಗ್ಲಿಲ್ಲಾ? ನಸುಕಿನಾಗೆದ್ದು ಕೈಕಾಲು ತರಚ್ಕಂಡು ಕಟ್ಟೀನಲ್ಲೇ ಅದನ್ನ!”

ಕರಿಬಸವರಾಜ. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಅಂತ ಅವನಿಗೇ ಗೊತ್ತಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡ. ಜನ ಅವನನ್ನು ನೋಡಿದರು, ನೆಲದ ಮೇಲಿನ ಕೊಡಲಿಯನ್ನು ನೋಡಿದರು. ಮೊದಲು ನಕ್ಕವಳು ಉಡಚಮ್ಮ. ಅದೆಂಥ ನಗು! ಮಂಡಿ ಹಿಡಿದುಕೊಂಡು ಕೂತೇಬಿಟ್ಟಳು. “ನನ್ನ ಮಗನ, ನೀನಾ! ನೀನಾ ಕಟ್ಟಿದ್ದು!”

“ಮತ್ತೇನ್ ಮಾಡ್ಲವ್ವಾ? ಊರ ಮುಂದೆ ಮಾತು ಕೊಟ್ಟೀನಿ. ಕಡೀಲಿಲ್ಲ ಅಂದ್ರೆ ಮಾತು ಹೋಗ್ತೈತೆ. ಕಡಿದ್ರೆ ನೀನು…” ಅಷ್ಟು ದೊಡ್ಡ ಗಂಡಸು ಟವೆಲಿನಿಂದ ಮುಖ ಒರೆಸಿಕೊಂಡ. “ಈಗ ಎಲ್ಲಾ ಕೆಡಿಸಿದ್ಲು ಇಕಿ. ಈಗ ಕಡೀಲೇಬೇಕಲ್ಲ!”

ಓಬಕ್ಕ ಏಣಿಯಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಓಡಿಹೋಗಿ ಕೊಡಲಿ ಎತ್ತಿಕೊಂಡಳು. ಮರದ ಮುಂದೆ ನಿಂತು, ಸೆರಗು ಬಿಗಿದು, ಹರಿಹರದ ಹೊಳೆಯಾಚೆಗೂ ಕೇಳುವಂತೆ ಗುಡುಗಿದಳು.

“ಏನಲೇ ಸಂಪಿಗಿ! ನನ್ನ ಮರ್ಯಾದಿ ತೆಗೆದಿ! ನೀರಿಗೆ ದಾರಿ ಮಾಡ್ದೆ, ಮರಳು ಹಾಕ್ದೆ, ಬಿಸಿಲು ಬಿಟ್ಟೆ, ಒಂದು ಹೂವಿಗೆ ಗತಿ ಇಲ್ಲ! ಇವತ್ತು ನಾನೇ ಕಡೀತೀನಿ ನಿನ್ನ. ಬರ್ರಿ ಯಾರು ಬಿಡಿಸ್ತೀರಿ ನೋಡ್ತೀನಿ!”

ಕೊಡಲಿ ಎತ್ತಿದಳು. ಸಾಣೆ ಹಿಡಿದ ಕೊಡಲಿ, ಎತ್ತಿದ ಕೈ ಓಬಕ್ಕನದು. ಕರಿಬಸವರಾಜನಿಗೆ ಅದು ಆಟವೋ ನಿಜವೋ ತಿಳಿಯಲಿಲ್ಲ. ಅಂಗಡಿಯ ಗದ್ದುಗೆ ಬಿಟ್ಟರೆ ಇನ್ಯಾರ ಮುಂದೆಯೂ ಬಾಗದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿಯಲ್ಲೇ ನುಗ್ಗಿ ಬಂದು ಬೊಡ್ಡೆ ತಬ್ಬಿಕೊಂಡ.

“ಬ್ಯಾಡ ಓಬಕ್ಕಾ! ಕಡೀಬ್ಯಾಡ! ಬಿಡ್ತೈತೆ!”

“ಯಾರು ಜಾಮೀನು?”

“ನಾನು! ನಾನು ಜಾಮೀನು!”

“ಎಂದಿಗೆ ಬಿಡ್ತೈತೆ?”

ಅವನು ಕೆನ್ನೆಯನ್ನು ತೊಗಟೆಗೆ ಒತ್ತಿಕೊಂಡೇ ಹೇಳಿದ. “ಅದರ ಮನಸ್ಸಿಗೆ ಬಂದಾಗ.”

ಆವತ್ತು ಹರಿಹರದಲ್ಲಿ ಬನ್ನಿ ಹಂಚುವ ಹೊತ್ತಾದರೂ ಆ ಓಣಿಯ ಜನ ಮನೆಗೆ ಹೋಗಲಿಲ್ಲ. ಗಿರಣಿ ಬಂತು, ಹಿಂದಿನ ಕೋಣೆಯ ಗೋಡೆ ಒಡೆದು ಹಿತ್ತಲ ಓಣಿಗೆ ಬಾಗಿಲು ಮಾಡಿ ಅಲ್ಲಿ ಕೂರಿಸಿದರು. ಜನ ಸುತ್ತು ಹಾಕಿಕೊಂಡು ಬಂದು ಬೀಸಿಸಿಕೊಂಡು ಹೋದರು. ಓಬಕ್ಕ ಮಾತು ಮಾತೇ ಅಂತ ಮತ್ತೆ ಯಾವ ಮರಕ್ಕೂ ಜಾಮೀನು ನಿಲ್ಲಲಿಲ್ಲ. ಅಮಾವಾಸ್ಯೆಗೆ ಬಾಗಿಲು ಬಡಿದವರಿಗೆ, “ಜಾಮೀನು ನೀವೇ ನಿಂತ್ಕಳ್ರಿ. ಕೊಡ್ಲಿ ಹಿಡ್ಯಾಕ ನಾನು ಬರ್ತೀನಿ” ಅನ್ನುತ್ತಿದ್ದಳು. ಜನ ಅದಕ್ಕೂ ಕರೆದರು. ಅವಳು ಕೊಡಲಿ ಹಿಡಿದು ಬೈದರೆ ಯಜಮಾನರೇ ಹೆದರಿ ಓಡಿ ಬಂದು ಮರ ತಬ್ಬುತ್ತಿದ್ದರು.

ಎರಡು ಬೇಸಿಗೆ ಕಳೆದವು. ಒಂದು ಮಧ್ಯಾಹ್ನ ಹತ್ತಿ ಆರಿಸುವ ಚಪ್ಪರದ ಮುಂದೆ ಗದ್ದಲವಾಯಿತು. ಯಾರೋ ದೊಡ್ಡ ಮನುಷ್ಯ, ಸ್ಟೇಷನ್ನಿನಿಂದ ಓಡಿಕೊಂಡೇ ಬಂದಿದ್ದಾನೆ, ಕಾಲಲ್ಲಿ ಮೆಟ್ಟು ಇಲ್ಲ, ಓಬಕ್ಕ ಎಲ್ಲಿ ಅಂತಿದ್ದಾನೆ ಅಂದರು. ಓಬಕ್ಕ ಎದ್ದು ಬಂದಳು. ಕರಿಬಸವರಾಜ ಬಾಗಿಲಲ್ಲಿ ಬಗ್ಗಿ ಮಂಡಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ.

“ಬಿಡ್ತು! ಓಬಕ್ಕಾ, ಬಿಡ್ತು! ಬೆಳಗ್ಗೆ ಅವ್ವ ಹಾಸಿಗ್ಯಾಗಿಂದ್ಲೇ ಕೂಗಿದ್ಲು, ವಾಸನಿ ಅಂತ. ನಾನೇ ಹತ್ತಿ ನೋಡ್ದೆ. ಕಂಕುಳಾಗೆ! ಒಂದಲ್ಲ, ಆ ಕಡೆ ಈ ಕಡೆ ಎಲ್ಲಾ ಮೊಗ್ಗು!”

ಹೆಂಗಸರೆಲ್ಲ ಹತ್ತಿ ಬಿಟ್ಟು ಎದ್ದು ಬಂದರು. ಓಬಕ್ಕ ಎರಡೂ ಕೈ ಚಾಚಿದಳು. “ಎಲ್ಲಿ? ಎಲ್ಲಿ ತಂದೀರಿ? ಕೊಡ್ರಿ ಇಲ್ಲಿ!”

ಅವನು ತನ್ನ ಖಾಲಿ ಕೈಗಳನ್ನು ನೋಡಿಕೊಂಡ. “ತರಲಿಲ್ಲವ್ವಾ,” ಅಂದ. “ಕೈ ಹಾಕಿದ್ದೆ. ಕೀಳಾಕ ಮನಸ್ಸು ಬರ್ಲಿಲ್ಲ. ನೀನೇ ಬಾ.”